ವಲಿಯಪರಂಬದಲ್ಲಿ ಟೆಂಟ್: ಕಡಲ ಬದಿಯೋ, ಹಿನ್ನೀರ ಬದಿಯೋ?

ಕಾಸರಗೋಡು ಜಿಲ್ಲೆಯ ತೆಂಕು ತುದಿಯ ವಲಿಯಪರಂಬ ಉದ್ದನೆಯ ಹೊಯಿಗೆಯ ಪಟ್ಟಿ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಕವ್ವಾಯಿ ಹಿನ್ನೀರು. ಬೇಕಲದ ಜನಜಂಗುಳಿ ಇಲ್ಲಿಲ್ಲ. ಟೆಂಟ್ ಹಾಕಿ ಒಂದು ರಾತ್ರಿ ಕಳೆಯಲು ಜಿಲ್ಲೆಯಲ್ಲಿ ಇದಕ್ಕಿಂತ ಚೆಂದದ ಜಾಗ ಸಿಗುವುದು ಕಷ್ಟ.

ಹೆಚ್ಚಿನವರು ಅಲೆಯ ಹತ್ತಿರವೇ ಟೆಂಟ್ ಬಿಚ್ಚುತ್ತಾರೆ. ಅದು ತಪ್ಪು. ಒಣಗಿದ ಪಾಚಿ, ಕಸಕಡ್ಡಿ ಗೆರೆ ಎಳೆದಂತೆ ಬಿದ್ದಿರುವುದು ಉಬ್ಬರದ ನೀರು ಬಂದು ನಿಲ್ಲುವ ಜಾಗ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಇನ್ನೂ ಮೇಲೇರುತ್ತದೆ. ಆ ಗೆರೆಯಿಂದ ಸಾಕಷ್ಟು ಮೇಲೆ, ಗಾಳಿಮರಗಳ ಮರೆಯಲ್ಲಿ ಹಾಕಿದರೆ ಕ್ಷೇಮ. ತೆಂಗಿನ ಬುಡ ಮಾತ್ರ ಬೇಡವೇ ಬೇಡ.

ಟೆಂಟಿನ ಜೊತೆ ಬರುವ ತೆಳು ಗೂಟ ಒಣ ಹೊಯಿಗೆಯಲ್ಲಿ ನಿಲ್ಲುವುದಿಲ್ಲ; ಗಾಳಿ ಒಂದು ಸಲ ಜಗ್ಗಿದರೆ ಕಿತ್ತು ಬರುತ್ತದೆ. ಸಣ್ಣ ಬಟ್ಟೆ ಚೀಲಕ್ಕೆ ಹೊಯಿಗೆ ತುಂಬಿ ಬಾಯಿ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳಕ್ಕೆ ಹೂತು ಚೆನ್ನಾಗಿ ತುಳಿಯಬೇಕು. ನಾಲ್ಕು ಮೂಲೆಗೆ ನಾಲ್ಕು, ಟೆಂಟ್ ಅಲುಗದಂತೆ ಎಳೆದು ಕಟ್ಟುವ ಗಾಳಿ ಹಗ್ಗಕ್ಕೆ ಎರಡು: ಆರು ಚೀಲ ಸಾಕು. ಸಂಜೆ ಕಡಲಗಾಳಿಗೆ ಹೆದರಿ ಕಿಟಕಿಯನ್ನೆಲ್ಲ ಮುಚ್ಚಿದರೆ ಉಸಿರಿನ ತೇವವೇ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಮೂಡು ಬದಿಯದ್ದೊಂದು ತೆರೆದಿರಲಿ, ರಾತ್ರಿ ನೆಲದ ಕಡೆಯಿಂದ ಗಾಳಿ ಬರುತ್ತದೆ.

ಕಡಲಲ್ಲಿ ಸೆಳೆತವಿದೆ, ಮಕ್ಕಳನ್ನು ಇಳಿಸಬಾರದು. ಕಯಾಕ್‌ಗೆ (ಹುಟ್ಟು ಹಾಕುವ ಸಣ್ಣ ದೋಣಿ) ಹಿನ್ನೀರೇ ಸರಿ, ಅದೂ ಉಬ್ಬರ ಏರುವ ಹೊತ್ತಿಗೆ. ಇಳಿತದಲ್ಲಿ ಹೊರಟರೆ ಕೆಸರಿನಲ್ಲಿ ಕೂತುಬಿಡುತ್ತದೆ, ಇಳಿದು ತಳ್ಳುವಾಗ ಚಿಪ್ಪು ಕಾಲು ಕೊಯ್ಯುತ್ತದೆ; ರಬ್ಬರ್ ಚಪ್ಪಲಿ ಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ಆಗದು. ನೀರಿನಲ್ಲಿ ಬಿದಿರು ನೆಟ್ಟು ಹಗ್ಗ ಇಳಿಬಿಟ್ಟಿರುವುದು ಕಲ್ಲುಮ್ಮಕಾಯಿ, ಅಂದರೆ ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿ. ಅದು ಊರವರ ಅನ್ನ. ಅದರೊಳಗೆ ಕಯಾಕ್ ನುಗ್ಗಿಸಬೇಡಿ.

ಟೆಂಟಿನ ಜಾಗ ಬುಕ್ ಮಾಡುವ ಮೊದಲು ಶೌಚಾಲಯ ಎಷ್ಟು ದೂರ, ಕುಡಿಯುವ ನೀರು ಎಲ್ಲಿಯದು ಎಂದು ಕೇಳಿಕೊಳ್ಳಿ. ತಲಾ 4 ಲೀಟರ್ ನೀರು ಜೊತೆಗಿದ್ದರೆ ಚಿಂತೆಯಿಲ್ಲ. ರೈಲಿಗೆ ಚೆರ್ವತ್ತೂರು ಹತ್ತಿರ, ಎಲ್ಲ ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಇದೇ ಕರಾವಳಿಗೆ ಕಡಲಾಮೆ ಮೊಟ್ಟೆಯಿಡಲು ಬರುವುದೂ ಆಗಲೇ. ಕಡಲಿಗೆ ಮುಖ ಮಾಡಿದ ದೀಪ ಕಂಡರೆ ಆಮೆ ದಡ ಹತ್ತದೆ ತಿರುಗಿಹೋಗುತ್ತದೆ, ಹಾಗಾಗಿ ಊಟ ಮುಗಿದ ಕೂಡಲೇ ಆ ಬದಿಯ ಬೆಳಕು ಆರಿಸಿಬಿಡಿ.