ಹಳೆಯ ಕಾರಿನ ಎ.ಸಿ.: ಗ್ಯಾಸ್ ತುಂಬುವ ಮೊದಲು ಅಳತೆ ಮಾಡುವ ವರ್ಕ್‌ಶಾಪ್

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಬಳಿ ಇರುವ ಈ ಕಾರ್ ಎ.ಸಿ. ವರ್ಕ್‌ಶಾಪಿಗೆ ಐದರಲ್ಲಿ ನಾಲ್ಕು ನಕ್ಷತ್ರಗಳನ್ನು ಕೊಟ್ಟಿದ್ದೇನೆ; ಐದನೆಯದನ್ನು ಏಕೆ ಕೊಡಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ನಾಲ್ಕು ಕೊಟ್ಟಿದ್ದಕ್ಕೆ ಕಾರಣ ಸರಳವಾದುದು. ನಮ್ಮಲ್ಲಿ ಕಾರಿನ ಎ.ಸಿ. ತಂಪು ಕೊಡುತ್ತಿಲ್ಲವೆಂದರೆ ಹೆಚ್ಚಿನ ಕಡೆ ಬಾನೆಟ್ ಎತ್ತುವ ಮೊದಲೇ ‘ಗ್ಯಾಸ್ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಇಲ್ಲಿ ಮಾತ್ರ ಗ್ಯಾಸಿನ ಸಿಲಿಂಡರ್ ಹೊರಗೆ ಬಂದದ್ದು ಎಲ್ಲ ಅಳತೆಗಳೂ ಮುಗಿದ ಮೇಲೆ.

ನನ್ನದು 2006ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ತಾಪಮಾನವನ್ನು ತಾನೇ ಹೊಂದಿಸಿಕೊಳ್ಳುವ ಆಟೊಮ್ಯಾಟಿಕ್ ವ್ಯವಸ್ಥೆ ಅದರಲ್ಲಿಲ್ಲ. ಡ್ಯಾಶ್‌ಬೋರ್ಡಿನ ತಿರುಗುಗುಂಡಿಗಳ ಹಿಂದೆ ಕೇಬಲ್‌ಗಳು, ಅವುಗಳ ತುದಿಯಲ್ಲಿ ಮುಚ್ಚಿ ತೆರೆಯುವ ಫ್ಲ್ಯಾಪ್‌ಗಳು, ಅಷ್ಟೆ. ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಓಡುವಾಗ ಸಹಿಸಬಹುದಾದಷ್ಟು ತಂಪು ಬರುತ್ತಿತ್ತು, ಆದರೆ ಊರೊಳಗೆ ಬಂದು ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ನಿಂತೊಡನೆ ಉಗುರುಬೆಚ್ಚಗಿನ ಗಾಳಿ ಬೀಸತೊಡಗುತ್ತಿತ್ತು. ಹಿಂದೆ ತೋರಿಸಿದ್ದ ಗ್ಯಾರೇಜಿನವರು ಬೇಸಿಗೆ ಬಂದಾಗಲೆಲ್ಲ ಗ್ಯಾಸ್ ತುಂಬಿ ಕಳುಹಿಸಿ, ಕೊನೆಗೆ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಬದಲಿಸದೆ ಬೇರೆ ದಾರಿಯಿಲ್ಲ ಎಂದಿದ್ದರು. ಇಷ್ಟು ವಯಸ್ಸಾದ ಕಾರಿಗೆ ಹೊಸ ಕಂಪ್ರೆಸರ್ ಹಾಕಿಸುವ ವೆಚ್ಚ ಕಾರಿನ ಬೆಲೆಯ ಲೆಕ್ಕಾಚಾರವನ್ನೇ ಬದಲಿಸಿಬಿಡುತ್ತದೆ.

ಇಲ್ಲಿಯ ಮುಖ್ಯ ಮೆಕ್ಯಾನಿಕ್ ಮೊದಲು ಕೇಳಿದ್ದು ತಂಪು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು. ಪ್ರಶ್ನೆ ಸಾಮಾನ್ಯವೆನಿಸಿದರೂ ಅರ್ಧ ರೋಗನಿರ್ಣಯ ಅದರಲ್ಲೇ ಅಡಗಿದೆ. ಓಡುವಾಗ ತಂಪಾಗಿ ನಿಂತಾಗ ಬಿಸಿಯಾದರೆ ಗ್ಯಾಸಿನ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರ್ ಮೇಲೆ ಗಾಳಿ ಸಾಲುತ್ತಿಲ್ಲವೆಂಬ ಅನುಮಾನ ಮೊದಲು ಬರಬೇಕು; ಸ್ವಲ್ಪ ಹೊತ್ತು ತಂಪಾಗಿ, ನಿಂತು, ಮತ್ತೆ ತಾನಾಗಿಯೇ ತಂಪಾದರೆ ವ್ಯವಸ್ಥೆಯೊಳಗೆ ಸೇರಿದ ತೇವಾಂಶ, ದ್ರವವನ್ನು ಸಣ್ಣ ರಂಧ್ರದಿಂದ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತಿರಬಹುದು; ಎಂಜಿನ್ ಕಾದ ಮೇಲೆ ಮಾತ್ರ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಹಿಡಿಯದಿದ್ದರೆ ಸವೆತದಿಂದ ಅದರ ಬಿಲ್ಲೆಗಳ ನಡುವೆ ಹೆಚ್ಚಿದ ಅಂತರವನ್ನು ನೋಡಬೇಕಾಗುತ್ತದೆ.

ಅನಂತರ ನಡುವಿನ ವೆಂಟಿಗೆ ಥರ್ಮಾಮೀಟರ್ ಸಿಕ್ಕಿಸಿ, ಎಂಜಿನ್ ನಿಲ್ಲಿಸಿಯೇ ವ್ಯವಸ್ಥೆಯ ಹೆಚ್ಚು ಮತ್ತು ಕಡಿಮೆ ಒತ್ತಡಗಳನ್ನು ತೋರಿಸುವ ಮ್ಯಾನಿಫೋಲ್ಡ್ ಗೇಜಿನ ಎರಡು ಕೊಳವೆಗಳನ್ನು ಜೋಡಿಸಿದರು. ಬೆಳಗಿನ 30 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎರಡೂ ಮುಳ್ಳುಗಳು 95 ಪಿ.ಎಸ್.ಐ. (ಒತ್ತಡದ ಅಳತೆ) ಆಸುಪಾಸಿನಲ್ಲಿ ನಿಂತವು. ಆರ್‌-134ಎ ಎಂಬ ಈ ಕಾರಿನ ಗ್ಯಾಸಿಗೆ ಆ ತಾಪಮಾನದಲ್ಲಿ ಇರಬೇಕಾದ ಒತ್ತಡ ಸರಿಸುಮಾರು ಅಷ್ಟೇ. ಹಾಗೆಂದು ಗ್ಯಾಸಿನ ಪ್ರಮಾಣ ಸರಿಯಾಗಿದೆ ಎಂದರ್ಥವಲ್ಲ ಎಂಬುದನ್ನು ಅವರು ಬಿಡಿಸಿ ಹೇಳಿದರು: ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ ನಿಂತ ಒತ್ತಡವು ತಾಪಮಾನವನ್ನು ಅನುಸರಿಸುತ್ತದೆಯೇ ಹೊರತು ತೂಕವನ್ನಲ್ಲ. ಅಡುಗೆ ಅನಿಲದ ಸಿಲಿಂಡರ್ ಖಾಲಿಯಾಗುವ ತನಕ ಒಲೆಯ ಉರಿ ತಗ್ಗದಿರುವುದೂ ಇದೇ ಕಾರಣಕ್ಕೆ. ಗೇಜಿನ ಮುಳ್ಳು ನೋಡಿಕೊಂಡು ಅಂದಾಜಿನಲ್ಲಿ ಗ್ಯಾಸ್ ತುಂಬುವವರು ಎಡವುವುದು ಇಲ್ಲಿಯೇ.

ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದಾಗ ಸಂಗತಿ ಬಯಲಾಗತೊಡಗಿತು. ನಿಂತ ಕಾರಿನಲ್ಲಿ ಹೆಚ್ಚಿನ ಒತ್ತಡದ ಮುಳ್ಳು ಏರುತ್ತಾ 300 ಪಿ.ಎಸ್.ಐ. ದಾಟಿತು, ಕಡಿಮೆ ಒತ್ತಡದ್ದು 55ರ ಮೇಲೆಯೇ ಉಳಿಯಿತು. ವೆಂಟಿನಲ್ಲಿ 19 ಡಿಗ್ರಿ. ಕಂಪ್ರೆಸರ್ ಸವೆದಿದ್ದರೆ ಹೆಚ್ಚಿನ ಒತ್ತಡ ಏರುವುದೇ ಇಲ್ಲ, ಕಡಿಮೆ ಒತ್ತಡ ಇಳಿಯುವುದಿಲ್ಲ, ಎರಡೂ ಒಂದರ ಹತ್ತಿರ ಇನ್ನೊಂದು ಬಂದು ನಿಲ್ಲುತ್ತವೆ, ಇಲ್ಲಿ ಹಾಗಾಗಲಿಲ್ಲ. ಆಗ ಹುಡುಗನೊಬ್ಬ ಪೈಪ್ ಹಿಡಿದು ಕಂಡೆನ್ಸರ್ ಮೇಲೆ ನೀರು ಬಿಟ್ಟ. ನಿಮಿಷದೊಳಗೆ ಹೆಚ್ಚಿನ ಒತ್ತಡ 200ರ ಸಮೀಪಕ್ಕೆ ಇಳಿದು, ವೆಂಟಿನ ಗಾಳಿ ಕೈಗೆ ತಿಳಿಯುವಷ್ಟು ತಣ್ಣಗಾಯಿತು. ಇಷ್ಟು ಅಗ್ಗದ ಪರೀಕ್ಷೆ ಇಷ್ಟು ವರ್ಷ ಯಾರಿಗೂ ಹೊಳೆಯದಿದ್ದುದು ಸೋಜಿಗವೇ ಸರಿ. ಕಂಡೆನ್ಸರ್ ಫ್ಯಾನ್ ತಿರುಗುತ್ತಿತ್ತು, ಹಾಗಾಗಿ ಯಾರೂ ಅದನ್ನು ಅನುಮಾನಿಸಿರಲಿಲ್ಲ. ಆದರೆ ಮೋಟಾರಿನ ಕನೆಕ್ಟರಿನಲ್ಲಿ ಪೂರ್ತಿ ವೋಲ್ಟೇಜ್ ಇದ್ದರೂ ಸವೆದ ಬ್ರಷ್‌ಗಳಿಂದಾಗಿ ಅದರ ವೇಗ ಕುಂದಿತ್ತು.

ಎರಡನೆಯ ದೋಷ ತಕ್ಕಡಿಯಲ್ಲಿ ಸಿಕ್ಕಿತು. ಒಳಗಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರದಿಂದ ಸೆಳೆದು ತೂಗಿದರೆ 640 ಗ್ರಾಂ ಬಂದಿತು. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಇದ್ದದ್ದು 500 ಗ್ರಾಂ. ಅಂದರೆ ಗ್ಯಾಸ್ ಕಡಿಮೆಯೆಂದು ತುಂಬಿಸಿಕೊಂಡು ಬಂದ ಕಾರಿನಲ್ಲಿ ಗ್ಯಾಸ್ ಹೆಚ್ಚಾಗಿತ್ತು. ಹೆಚ್ಚಾದ ದ್ರವ ಕಂಡೆನ್ಸರಿನಲ್ಲಿ ನಿಂತು ಶಾಖ ಬಿಡುವ ಜಾಗವನ್ನು ಆಕ್ರಮಿಸುವುದರಿಂದ ಒತ್ತಡ ಇನ್ನಷ್ಟು ಏರುತ್ತದೆ, ತಂಪು ಇನ್ನಷ್ಟು ತಗ್ಗುತ್ತದೆ, ಕಂಪ್ರೆಸರಿನ ಮೇಲೆ ವೃಥಾ ಭಾರ ಬೀಳುತ್ತದೆ. ಫ್ಯಾನ್ ಮೋಟಾರ್ ಬದಲಾಯಿಸಿ, ಒಳಗಿನ ಗಾಳಿ, ತೇವಾಂಶ ಹೋಗುವಂತೆ ಪಂಪಿನಿಂದ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಅಲುಗುವುದಿಲ್ಲ, ಅಂದರೆ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು, ಸ್ಟಿಕ್ಕರಿನಲ್ಲಿದ್ದಷ್ಟೇ ಗ್ಯಾಸನ್ನು ತೂಗಿ ಹಾಕಿದರು. ತೇವಾಂಶ ಹೀರುವ ಡ್ರೈಯರ್ ಬದಲಿಸಬೇಕೇ ಎಂದು ನಾನೇ ಕೇಳಿದಾಗ, ಕೊಳವೆಗಳನ್ನು ಬಿಚ್ಚಿಲ್ಲವಾದ್ದರಿಂದ ಈಗ ಅಗತ್ಯವಿಲ್ಲ ಎಂದರು. ಮಾರಾಟಕ್ಕೆ ಸಿಕ್ಕ ಅವಕಾಶವನ್ನು ಹೀಗೆ ಬಿಟ್ಟುಕೊಡುವವರು ಅಪರೂಪ.

ಇಷ್ಟಾದ ಮೇಲೆ ವೆಂಟಿನಲ್ಲಿ 13 ಡಿಗ್ರಿ ಬಂದಿತು. ನಾನಾಗಿದ್ದರೆ ಹಣ ಕೊಟ್ಟು ಹೊರಡುತ್ತಿದ್ದೆ, ಮೆಕ್ಯಾನಿಕ್ ಒಪ್ಪಲಿಲ್ಲ. ಹೀಟರಿಗೆ ಹೋಗುವ ಬಿಸಿನೀರಿನ ರಬ್ಬರ್ ಕೊಳವೆಯನ್ನು ಪ್ಯಾಡ್ ಇರುವ ಕ್ಲಾಂಪಿನಿಂದ ಒತ್ತಿ ಹಿಡಿದಾಗ ಥರ್ಮಾಮೀಟರ್ ನಿಧಾನವಾಗಿ 9ಕ್ಕೆ ಇಳಿಯಿತು. ಗುಂಡಿಯನ್ನು ನೀಲಿಯ ತುದಿಗೆ ತಿರುಗಿಸಿದ್ದರೂ ಕೇಬಲ್ ಸಡಿಲವಾಗಿ ಹೀಟರ್ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಎವಾಪೊರೇಟರ್ ತಣ್ಣಗೆ ಮಾಡಿದ ಗಾಳಿಯನ್ನು ಅದರ ಪಕ್ಕದ ಹೀಟರ್ ಮತ್ತೆ ಕಾಯಿಸುತ್ತಿತ್ತು. ಕೇಬಲಿನ ಕ್ಲಿಪ್ಪನ್ನು ಸರಿಸಿ ಕಟ್ಟಿದ್ದಕ್ಕೆ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳಲಿಲ್ಲ. ಹಳೆಯ ಕಾರುಗಳಲ್ಲಿ ದೋಷ ಒಂದೇ ಇರುತ್ತದೆಂದು ಭಾವಿಸುವಂತಿಲ್ಲ, ಒಂದರ ನೆರಳಲ್ಲಿ ಇನ್ನೊಂದು ಅಡಗಿರುತ್ತದೆ; ಹಾಗಾಗಿ ದುರಸ್ತಿಯ ನಂತರದ ಅಳತೆಗೂ ಮೊದಲಿನ ಅಳತೆಯಷ್ಟೇ ಬೆಲೆಯಿದೆ.

ತಪಾಸಣೆಗೆ 600 ರೂಪಾಯಿ ಮೊದಲೇ ಕೇಳುತ್ತಾರೆ, ದುರಸ್ತಿ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಇದು ನ್ಯಾಯವಾದ ಪದ್ಧತಿಯೆಂದೇ ನನ್ನ ಅಭಿಪ್ರಾಯ. ಪುಕ್ಕಟೆ ತಪಾಸಣೆಯ ಖರ್ಚು ಒಂದಲ್ಲ ಒಂದು ರೂಪದಲ್ಲಿ ಬಿಡಿಭಾಗದ ಬೆಲೆಯೊಳಗೆ ಸೇರಿಕೊಳ್ಳುತ್ತದೆ.

ಇನ್ನು ಕುಂದುಕೊರತೆ. ಇಷ್ಟೆಲ್ಲ ಅಳತೆ ಮಾಡಿದವರು ಒಂದನ್ನೂ ಬರೆದು ಕೊಡಲಿಲ್ಲ, ಬಿಲ್ಲಿನಲ್ಲಿ ‘ಎ.ಸಿ. ಕೆಲಸ’ ಎಂಬ ಎರಡು ಪದಗಳಷ್ಟೇ ಇವೆ. ಮುಂದಿನ ಬೇಸಿಗೆಯಲ್ಲಿ ಹೋಲಿಸಿ ನೋಡಲು ಬೇಕಾದ ಒತ್ತಡ, ತೂಕ, ವೆಂಟಿನ ತಾಪಮಾನಗಳನ್ನು ನಾನೇ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಬೇಕಾಯಿತು. ಐದನೆಯ ನಕ್ಷತ್ರ ತಪ್ಪಿದ್ದು ಇದಕ್ಕೇ. ಫ್ಯಾನ್ ಮೋಟಾರ್ ಬೆಂಗಳೂರಿನಿಂದ ಬರಬೇಕಾಗಿದ್ದರಿಂದ ಕಾರು ಅಲ್ಲೇ ಉಳಿಯಿತು. ಹಳೆಯ ಮಾದರಿಗಳ ವಿಷಯದಲ್ಲಿ ಇದಕ್ಕಾಗಿ ಅವರನ್ನು ದೂರಲಾಗದು, ಆದರೆ ತಡವಾಗುತ್ತದೆಂದು ಫೋನ್ ಮಾಡಿ ತಿಳಿಸಬಹುದಾಗಿತ್ತು.

ತೊಂಬತ್ತರ ದಶಕದ ಆರಂಭದ ಕಾರುಗಳನ್ನು ಇಟ್ಟುಕೊಂಡವರು ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು. ಅವುಗಳಲ್ಲಿ ಆರ್‌-12 ಗ್ಯಾಸಿನ ವ್ಯವಸ್ಥೆ ಇದ್ದಿರಬಹುದು. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲದ ಸಾಮಾನ್ಯ ಬಳಕೆಯ ಉತ್ಪಾದನೆ ಭಾರತದಲ್ಲಿ 2008ರಲ್ಲೇ ನಿಂತಿದೆ, ಎಣ್ಣೆಯನ್ನೂ ಓ-ರಿಂಗುಗಳನ್ನೂ ಬದಲಿಸದೆ ಅದರ ಜಾಗಕ್ಕೆ ಆರ್‌-134ಎ ತುಂಬಿಸುವುದು ಸರಿಯಲ್ಲ. ಸೋರಿಕೆ ಮುಚ್ಚುವ ರಾಸಾಯನಿಕ ಹಾಕಿದ್ದರೆ ಅದನ್ನೂ ಮೊದಲೇ ತಿಳಿಸಿ, ಏಕೆಂದರೆ ಅಂಥ ಕಾರಿಗೆ ಇವರು ತಮ್ಮ ರಿಕವರಿ ಯಂತ್ರವನ್ನು ಜೋಡಿಸುವುದಿಲ್ಲ. ನನ್ನ ಕಾರಿನಲ್ಲಿ ಒಳಗೆ ಗಾಳಿ ಬೀಸುವ ಬ್ಲೋವರಿನ ಕೆಳಗಿನ ಮೂರು ವೇಗಗಳು ಇನ್ನೂ ಕೆಲಸ ಮಾಡುತ್ತಿಲ್ಲ, ನಾಲ್ಕನೆಯದು ಮಾತ್ರ ತಿರುಗುತ್ತದೆ. ಅದು ವೇಗ ತಗ್ಗಿಸುವ ರೆಸಿಸ್ಟರಿನ ದೋಷವೆಂದು ನೋಡಿದೊಡನೆಯೇ ಹೇಳಿ, ಬಿಡಿಭಾಗ ಸಿಕ್ಕಾಗ ತಿಳಿಸುವುದಾಗಿ ನನ್ನ ನಂಬರನ್ನು ಬರೆದುಕೊಂಡಿದ್ದಾರೆ.