ಲಿಟಲ್ ರಣ್‌ನ ಚಳಿಗಾಲದ ಹಕ್ಕಿ ಪ್ರವಾಸ: ಮುಂಗಡ ಕೊಡುವ ಮೊದಲು ಕೇಳಬೇಕಾದದ್ದು

ಅಹಮದಾಬಾದಿನಿಂದ ಗುಜರಾತಿನ ಉಪ್ಪು ಬಯಲು ಲಿಟಲ್ ರಣ್ ಆಫ್ ಕಛ್‌ಗೆ ಹೋಗಿಬರುವ ಮೂರು ಹಗಲು, ಎರಡು ರಾತ್ರಿಯ ಗುಂಪು ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಬೆಳಗಿನ ಒಳ್ಳೆಯ ಬೆಳಕು ನೀರಿನ ಹತ್ತಿರ ಕಳೆಯಬೇಕು. ಎಷ್ಟೋ ಪ್ಯಾಕೇಜುಗಳಲ್ಲಿ ಆ ಹೊತ್ತನ್ನೆಲ್ಲ ಕಾಡುಕತ್ತೆ ನುಂಗಿಬಿಡುತ್ತದೆ. ಕಾಡುಕತ್ತೆ ಬಟ್ಟಬಯಲಲ್ಲೇ ಮೇಯುವ ಪ್ರಾಣಿ, ಸಂಜೆಗೂ ಸಿಗುತ್ತದೆ. ಕ್ರೇನ್ ಹಕ್ಕಿಗಳು ಹಾಗಲ್ಲ, ಹೊತ್ತು ಮೂಡುತ್ತಲೇ ಕೆರೆಯಿಂದ ಎದ್ದು ಹೊಲಗಳಿಗೆ ಹೋಗಿಬಿಡುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮೊದಲೇ ನವಾ ತಲಾವ್ ಅಥವಾ ಬಜಾಣಾ ಕೆರೆಯ ದಂಡೆಯಲ್ಲಿ ಇರುತ್ತೀರಾ ಎಂದು ಆಯೋಜಕರನ್ನು ಮೊದಲು ಕೇಳಿ.

ಜೀಪಿನ ವಿಷಯ ಇನ್ನೂ ಮುಖ್ಯ. ತೆರೆದ ಜೀಪಿಗೆ ಆರು ಜನ ಮೀರಬಾರದು, ಹನ್ನೆರಡು ಜನರ ಗುಂಪಿಗೆ ಎರಡು ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಬೇಕೇಬೇಕು. ಒಂದೇ ಇದ್ದರೆ ಸರದಿ ಬರುವಷ್ಟರಲ್ಲಿ ಹಕ್ಕಿ ಜಾಗ ಬಿಟ್ಟಿರುತ್ತದೆ. ಚಾಲಕ ಆ ಊರಿನವನೇ ಆಗಿರಲಿ. ಮಳೆಗಾಲದಲ್ಲಿ ನದಿಯ ನೀರೂ ಸಮುದ್ರದ ನೀರೂ ಸೇರಿ ನಿಲ್ಲುವ ನೆಲವಿದು. ಚಳಿಗಾಲಕ್ಕೆ ಮೇಲ್ಪದರ ಒಣಗಿ ಬಿರಿದು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಕಪ್ಪು ಕೆಸರು ಹಾಗೇ ಉಳಿದಿರುತ್ತದೆ. ಬಲ್ಲವರು ಹಳೆಯ ಗಾಲಿ ಜಾಡು ಬಿಡುವುದಿಲ್ಲ. ಫೋಟೊ ಆಸೆಗೆ ಅಡ್ಡ ಹಾಯಿಸಿದರೆ ಗಾಲಿ ಅಚ್ಚಿನವರೆಗೂ ಹೂತು, ಟ್ರ್ಯಾಕ್ಟರ್ ಬರುವವರೆಗೆ ಕಾಯಬೇಕು. ಆ ಬೆಳಗು ಹೋದಂತೆಯೇ.

ಇಲ್ಲಿ ಎರಡು ಜಾತಿಯ ಫ್ಲೆಮಿಂಗೊಗಳನ್ನೂ ಒಂದೇ ನೀರಲ್ಲಿ ನೋಡಬಹುದು. ದೊಡ್ಡದರ ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು. ತಲೆ ಮುಳುಗಿಸಿ ತಳದ ಕೆಸರು ಶೋಧಿಸುತ್ತದೆ. ಚಿಕ್ಕದರ ಕೊಕ್ಕು ಕಡುಗೆಂಪು, ದೂರಕ್ಕೆ ಕಪ್ಪಾಗಿಯೇ ಕಾಣುತ್ತದೆ. ಅದು ಮೇಲ್ನೀರಿನ ಪಾಚಿಯನ್ನು ಸೋಸಿ ತಿನ್ನುತ್ತದೆ. ಹತ್ತು ನಿಮಿಷ ಸುಮ್ಮನೆ ನಿಂತರೆ ಸಾಕು, ಮೇಯುವ ರೀತಿಯಿಂದಲೇ ಗುರುತು ಹತ್ತುತ್ತದೆ. ಹಿಂಡು ಹಾರುವ ಚಿತ್ರಕ್ಕಾಗಿ ಜೀಪು ನುಗ್ಗಿಸುವ ಗುಂಪುಗಳಿವೆ. ಅಂಥವರ ಜೊತೆ ಹೋಗಲೇಬೇಡಿ. ಎಬ್ಬಿಸಿದ ಹಿಂಡು ಮೇವು ಬಿಟ್ಟು ದೂರದ ನೀರಿಗಿಳಿಯುತ್ತದೆ, ಹಿಂದೆ ಬಂದವರಿಗೂ ಏನೂ ಉಳಿಯುವುದಿಲ್ಲ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆ (ಪೆಲಿಕನ್) ನೋಡಿ ಅಭ್ಯಾಸವಿರುವವರು ಇಲ್ಲಿನ ಬಿಳಿ ಹೆಜ್ಜಾರ್ಲೆಯ ರೆಕ್ಕೆ ಗಮನಿಸಿ: ಹಾರುವಾಗ ಅಡಿಭಾಗದಲ್ಲಿ ಬಿಳುಪು ಮತ್ತು ಕಪ್ಪು ಕತ್ತರಿಸಿದಂತೆ ಬೇರೆಯಾಗಿರುತ್ತವೆ.

ಹತ್ತು ಗಂಟೆ ದಾಟಿದರೆ ಬಿಸಿಲ ಝಳಕ್ಕೆ ದೂರದ್ದೆಲ್ಲ ನಡುಗುತ್ತದೆ. ಆಗ ಸ್ಕೋಪನ್ನು 60 ಪಟ್ಟಿಗೆ ಹಿಗ್ಗಿಸಿ ಪ್ರಯೋಜನವಿಲ್ಲ, 25ರಲ್ಲೇ ಇಡಿ. ಉಪ್ಪಿನ ಧೂಳು ಕ್ಯಾಮೆರಾಕ್ಕೆ ಶತ್ರು; ಓಡುವ ಜೀಪಿನಲ್ಲಿ ಲೆನ್ಸ್ ಬದಲಿಸಬೇಡಿ, ರಾತ್ರಿ ಒದ್ದೆ ಬಟ್ಟೆಯಲ್ಲಿ ಹೊರಮೈ ಒರೆಸಿ. ಮುಂಜಾನೆ ತೆರೆದ ಜೀಪಿನ ಗಾಳಿಗೆ ಕಿವಿ ಮುಚ್ಚುವ ಟೋಪಿ, ಕೈಗವಸು ಬೇಕು, ಮಧ್ಯಾಹ್ನ ಅಂಗಿಯೂ ಭಾರವೆನಿಸುತ್ತದೆ.

ಸಂಜೆ ಹುಲ್ಲು ಬೆಳೆದ ದಿಬ್ಬಗಳತ್ತ ಹೋಗುವ ಪ್ಯಾಕೇಜನ್ನೇ ಆರಿಸಿ. ಸ್ಥಳೀಯರು ಅವುಗಳನ್ನು ‘ಬೇಟ್’ ಎನ್ನುತ್ತಾರೆ. ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು ರಾತ್ರಿ ತಂಗಲು ಅಲ್ಲಿ ನೆಲಕ್ಕೇ ಇಳಿಯುತ್ತವೆ. ದೂರದಲ್ಲೇ ಎಂಜಿನ್ ಆರಿಸಿ ಕಾದರೆ ಮಾತ್ರ ನೋಡಲು ಸಾಧ್ಯ.

ಕೊನೆಯ ದಿನಕ್ಕೆ ಸೇರಿಸುವ ನಲ್ ಸರೋವರ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಏನೋ ಹೌದು, ಆದರೆ ಭಾನುವಾರ ಬೇಡ. ದೋಣಿಗಳ ಸಂತೆಯಲ್ಲಿ ಹಕ್ಕಿಗಳು ನಡುನೀರಿಗೆ ಸರಿದಿರುತ್ತವೆ. ಅರಣ್ಯ ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ, ದೋಣಿ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿವೆಯೋ ಇಲ್ಲವೋ ಬರಹದಲ್ಲೇ ಪಡೆಯಿರಿ. ರಣ್‌ನಲ್ಲಿ ಮರೆಗೊಂದು ಪೊದೆಯೂ ಸಿಗದ ಹರವುಗಳಿವೆ. ನಾಲ್ಕು ಗಂಟೆಯ ಸಫಾರಿಯ ನಡುವೆ ಶೌಚಕ್ಕೆ ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು, ಮುಖ್ಯವಾಗಿ ಹೆಂಗಸರು, ಮೊದಲೇ ಕೇಳಿಕೊಳ್ಳಿ. ಸರೋವರದಿಂದ ಅಹಮದಾಬಾದಿಗೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬೆಂಗಳೂರಿಗೆ ಹಿಂತಿರುಗುವ ವಿಮಾನ ರಾತ್ರಿಯದ್ದೇ ಇರಲಿ.