ಠಾಣೆ ಕಟ್ಟಡದ ಮೇಲ್ವಿಚಾರಣೆ: ಸರ್ಕಾರಿ ಎಂಜಿನಿಯರೋ, ಹೊರಗಿನ ಸಲಹೆಗಾರರೋ?

ಬೆಂಗಳೂರಿನಲ್ಲಿ ಪೊಲೀಸ್ ಅಥವಾ ಅಗ್ನಿಶಾಮಕ ಠಾಣೆ ಕಟ್ಟಿಸುವ ಹೊಣೆ ಹೊತ್ತವರು, 1985ರಲ್ಲಿ ಸ್ಥಾಪನೆಯಾದ ರಾಜ್ಯ ಪೊಲೀಸ್ ವಸತಿ ನಿಗಮದಂಥ ಸರ್ಕಾರಿ ಸಂಸ್ಥೆಯ ಎಂಜಿನಿಯರುಗಳಿಗೇ ಮೇಲ್ವಿಚಾರಣೆಯನ್ನು ಒಪ್ಪಿಸಬಹುದು, ಇಲ್ಲವೇ ಹೊರಗಿನ ಯೋಜನಾ ನಿರ್ವಹಣಾ ಸಲಹೆಗಾರರನ್ನು ನೇಮಿಸಿಕೊಳ್ಳಬಹುದು.

ಸರ್ಕಾರಿ ಎಂಜಿನಿಯರುಗಳಿಗೆ ಲಾಕಪ್ ಎಲ್ಲಿರಬೇಕು, ಶಸ್ತ್ರಾಗಾರದ ಬಾಗಿಲು ಯಾವ ಕಡೆ ತೆರೆಯಬೇಕು ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಕರೆಯುವುದು, ಆದ ಕೆಲಸವನ್ನು ಅಳೆದು ದಾಖಲಿಸುವ ಅಳತೆ ಪುಸ್ತಕ ಬರೆಯುವುದು ಅವರ ದಿನನಿತ್ಯದ ಕೆಲಸ. ಆದರೆ ಒಬ್ಬರ ಕೈಯಲ್ಲೇ ನಾಲ್ಕಾರು ಕಾಮಗಾರಿಗಳಿದ್ದರೆ, ಕಾಂಕ್ರೀಟ್ ಸುರಿಯುವ ಹೊತ್ತಿಗೆ ಅವರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವುದೂ ಉಂಟು.

ಸಲಹೆಗಾರರ ಮುಖ್ಯ ಬಲವೆಂದರೆ ಸ್ಥಳದಲ್ಲೇ ಇರುವ ಸಿಬ್ಬಂದಿ. 150 ಮಿ.ಮೀ. ಘನಾಕಾರದ (ಕ್ಯೂಬ್) ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿ, ದಿನಾಂಕ ಗೀಚಿ, ನೀರಿನ ತೊಟ್ಟಿಯಲ್ಲಿಟ್ಟು, 28ನೆಯ ದಿನ ಒಡೆದು ನೋಡುವ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸುವವರು ಬೇಕು. ಕಾಗದದ ಮೇಲೆ ಪಾಸಾದ ಕ್ಯೂಬಿನಿಂದ ಪ್ರಯೋಜನವಿಲ್ಲ. ಬೆಂಗಳೂರು ಅಪಾಯ ಕಡಿಮೆಯಿರುವ ಭೂಕಂಪದ 2ನೆಯ ವಲಯದಲ್ಲಿದ್ದರೂ, 2016ರ ಭಾರತೀಯ ಮಾನಕವು ಅಗ್ನಿಶಾಮಕ ಠಾಣೆಗೆ 1.5ರ ಮಹತ್ವ ಗುಣಾಂಕವನ್ನು ವಿಧಿಸಿದೆ, ಅಂದರೆ ವಿನ್ಯಾಸದಲ್ಲಿ ಭೂಕಂಪದ ಬಲವನ್ನು ಒಂದೂವರೆ ಪಟ್ಟು ಹಿಡಿಯಬೇಕು. ಹಾಗಾಗಿ ಕಂಬದ ಮೇಲ್ತುದಿಯಲ್ಲಿ ಕಬ್ಬಿಣದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಅಂತರ ಹೆಚ್ಚಾಗಿದ್ದರೆ, ಕಾಂಕ್ರೀಟ್ ಸುರಿಯುವ ಮುನ್ನವೇ ಅದನ್ನು ಪತ್ತೆಹಚ್ಚಬೇಕು. ಸಲಹೆಗಾರರ ಶುಲ್ಕ ಪ್ರತ್ಯೇಕ. ಬಿಲ್ಲಿನ ಅಂತಿಮ ಸಹಿ ಮಾತ್ರ ಸರ್ಕಾರಿ ಅಧಿಕಾರಿಯದೇ.

ಒಂದೇ ಹೊರಠಾಣೆಯಾದರೆ ಸರ್ಕಾರಿ ಎಂಜಿನಿಯರ್ ಸಾಕು. ಏಕಕಾಲಕ್ಕೆ ಹಲವು ಠಾಣೆಗಳು ಏಳುವುದಾದರೆ ನಾನು ಸಲಹೆಗಾರರನ್ನೇ ಆರಿಸುತ್ತೇನೆ, ಆದರೆ ಅವರ ಶುಲ್ಕದ ಒಂದು ಪಾಲನ್ನು ದೋಷ ಹೊಣೆಗಾರಿಕೆಯ ಅವಧಿ (ಕಟ್ಟಡದಲ್ಲಿ ಕಂಡ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಮುಗಿಯುವವರೆಗೆ ತಡೆಹಿಡಿಯುವ ಷರತ್ತಿನೊಂದಿಗೆ.